ಹಾಗಾದರೆ ಬಾಂಬ್ ಇಟ್ಟದ್ದು ಯಾರು?

2025ರ ಜುಲೈ 21, ಸೋಮವಾರ. ಅವತ್ತು ಮನೆಯಿಂದಲೇ ಕೆಲಸ. ಬೆಳಗಿನ ಕಾಲ್ ಮುಗಿಸಿ ಕಾಫಿಗೆ ಏಳುವಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಬೊರಿವಲಿಯ ನಮ್ಮ ಸೊಸೈಟಿಯಲ್ಲಿ ಕೆಳಗಿನ ಮಹಡಿಯಲ್ಲಿರುವ ಹಿರಿಯರು. ಕಾರ್ಕಳದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಅವರಿಗೆ ಬಲಗಿವಿ ಕೇಳಿಸುವುದಿಲ್ಲ. 2006ರ ಜುಲೈ 11ರ ಸಂಜೆ ಚರ್ಚ್‌ಗೇಟ್‌ನಿಂದ ಮನೆಗೆ ಬರುತ್ತಿದ್ದ ಲೋಕಲ್‌ನಲ್ಲಿ, ಮಾಹಿಮ್ ಬಳಿ ಸಿಡಿದ ಬೋಗಿಯ ಪಕ್ಕದ ಬೋಗಿಯಲ್ಲಿ ಅವರು ನಿಂತಿದ್ದರು.

ಒಳಗೆ ಬಂದು ಕೂರಲೂ ಇಲ್ಲ. ಕೈಯಲ್ಲಿದ್ದ ಮೊಬೈಲ್ ತೋರಿಸಿ, ‘ಹನ್ನೆರಡೂ ಜನ ಖುಲಾಸೆಯಂತೆ. ಹಾಗಾದ್ರೆ ಬಾಂಬ್ ಇಟ್ಟದ್ದು ಯಾರು ಮಾರಾಯ್ರೆ?’ ಎಂದು ಕೇಳಿದರು.

ನನ್ನ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ರಾತ್ರಿ ಕೆಲಸ ಮುಗಿದ ಮೇಲೆ ತೀರ್ಪಿನ ವರದಿಗಳನ್ನೂ ಹಳೆಯ ಕಾಯ್ದೆಗಳನ್ನೂ ಓದುತ್ತಾ ಕೂತಿದ್ದೇನೆ. ನಾನು ವಕೀಲನಲ್ಲ, ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಆದರೆ ಓದುತ್ತಾ ಹೋದಂತೆ ಒಂದು ಅನುಮಾನ ಬಲವಾಯಿತು. ಭಯೋತ್ಪಾದಕರನ್ನು ಹಿಡಿಯಲೆಂದು ನಾವು ಮಾಡಿಕೊಂಡ ವಿಶೇಷ ಕಾಯ್ದೆಯೇ ಈ ಪ್ರಶ್ನೆಗೆ ಉತ್ತರ ಸಿಗದಂತೆ ಮಾಡಿತೇ?

ಮೊದಲು ಪ್ರಕರಣವನ್ನು ನೆನಪಿಸಿಕೊಳ್ಳೋಣ. ಪಶ್ಚಿಮ ರೈಲ್ವೆಯ ಏಳು ಲೋಕಲ್‌ಗಳ ಫಸ್ಟ್ ಕ್ಲಾಸ್ ಬೋಗಿಗಳಲ್ಲಿ ಹನ್ನೊಂದು ನಿಮಿಷಗಳ ಅಂತರದಲ್ಲಿ ಏಳು ಬಾಂಬ್‌ಗಳು ಸಿಡಿದವು. 180ಕ್ಕೂ ಹೆಚ್ಚು ಜನ ಸತ್ತರು, 800ಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಲವೇ ತಿಂಗಳಲ್ಲಿ ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ, ಅಂದರೆ ಎಟಿಎಸ್, 13 ಜನರನ್ನು ಬಂಧಿಸಿ ಪ್ರಕರಣ ಭೇದಿಸಿದ್ದೇವೆ ಎಂದಿತು. 2015ರ ಸೆಪ್ಟೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಒಬ್ಬರನ್ನು ಬಿಡುಗಡೆ ಮಾಡಿ, ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ ವಿಧಿಸಿತು. ಗಲ್ಲು ಶಿಕ್ಷೆಗೆ ಗುರಿಯಾದ ಒಬ್ಬರು 2021ರಲ್ಲಿ ನಾಗಪುರ ಜೈಲಿನಲ್ಲೇ ಕೋವಿಡ್‌ನಿಂದ ತೀರಿಕೊಂಡರು. ಈಗ, 19 ವರ್ಷಗಳ ನಂತರ, ಬಾಂಬೆ ಹೈಕೋರ್ಟ್‌ನ ನ್ಯಾಯಮೂರ್ತಿಗಳಾದ ಅನಿಲ್ ಕಿಲೋರ್ ಮತ್ತು ಶ್ಯಾಮ್ ಚಾಂಡಕ್ ಅವರ ಪೀಠ ಆ ಸತ್ತವರೂ ಸೇರಿ ಹನ್ನೆರಡೂ ಮಂದಿಯ ಮೇಲಿನ ಆರೋಪ ಸಾಬೀತಾಗಿಲ್ಲ ಎಂದಿದೆ.

ಈ ಪ್ರಕರಣಕ್ಕೆ ಹಚ್ಚಿದ ಕಾಯ್ದೆ ಮಕೋಕಾ, ಮಹಾರಾಷ್ಟ್ರ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, 1999. ಹೆಸರೇ ಹೇಳುವಂತೆ ಅದು ಭೂಗತ ಲೋಕಕ್ಕೆಂದು ಮಾಡಿದ್ದು. ತೊಂಬತ್ತರ ದಶಕದ ಮುಂಬೈಯಲ್ಲಿ ಬಿಲ್ಡರ್‌ಗಳಿಗೂ ಹೋಟೆಲ್‌ ಮಾಲೀಕರಿಗೂ ಹಫ್ತಾ ಕರೆಗಳು ಬರುತ್ತಿದ್ದ ಕಾಲ. ನಮ್ಮ ಕರಾವಳಿಯ ಎಷ್ಟೋ ಶೆಟ್ಟರು, ಪೂಜಾರಿಗಳು ಆ ಕರೆಗಳನ್ನು ಕಂಡವರೇ. ಕೋರ್ಟಿನಲ್ಲಿ ನಿಂತು ಡಾನ್ ವಿರುದ್ಧ ಸಾಕ್ಷಿ ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಆ ಕಷ್ಟ ನಿಜವಾದದ್ದು, ಅದನ್ನು ಅಲ್ಲಗಳೆಯಲಾಗದು. ಅದಕ್ಕೆ ಸರ್ಕಾರ ಕಂಡುಕೊಂಡ ದಾರಿ ಕಾಯ್ದೆಯ 18ನೇ ಸೆಕ್ಷನ್. ಎಸ್‌ಪಿ ದರ್ಜೆಯ, ಅಂದರೆ ಮುಂಬೈಯಲ್ಲಿ ಡಿಸಿಪಿ ದರ್ಜೆಯ, ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಕೋರ್ಟ್ ಸಾಕ್ಷ್ಯವಾಗಿ ಒಪ್ಪಬಹುದು. ಜೊತೆಗೆ 30 ದಿನಗಳವರೆಗೆ ಪೊಲೀಸ್ ಕಸ್ಟಡಿ, ದೋಷಾರೋಪ ಪಟ್ಟಿಗೆ 180 ದಿನಗಳವರೆಗೆ ಸಮಯ.

ಇದು ಎಷ್ಟು ದೊಡ್ಡ ಬದಲಾವಣೆ ಎಂದು ತಿಳಿಯಬೇಕಾದರೆ 1872ರ ಸಾಕ್ಷ್ಯ ಕಾಯ್ದೆಯನ್ನು ನೋಡಬೇಕು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು ಅದರ 25ನೇ ಸೆಕ್ಷನ್ ಹೇಳುತ್ತಿತ್ತು. ನಮ್ಮ ಮೇಲೆ ಪ್ರೀತಿ ಉಕ್ಕಿ ಬ್ರಿಟಿಷರು ಹಾಗೆ ಬರೆಯಲಿಲ್ಲ. ಠಾಣೆಯೊಳಗೆ ಒಪ್ಪಿಗೆ ಹೇಗೆ ಹುಟ್ಟುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅಷ್ಟೇ. ಒಪ್ಪಿಗೆ ಕೊಡುವುದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಕೊಡಲಿ ಎಂಬ ಆ ಬೇಲಿಯನ್ನು ಮೊದಲು ಕಿತ್ತದ್ದು ಟಾಡಾ.

ಟಾಡಾ ಎಂಬ ಪದ ನನಗೆ ಮುಂಬೈಗೆ ಬಂದ ಮೇಲೆ ಗೊತ್ತಾದದ್ದಲ್ಲ. ನನ್ನೂರು ಕೊಳ್ಳೇಗಾಲ. 2000ನೇ ಇಸವಿಯಲ್ಲಿ ಅಣ್ಣಾವ್ರನ್ನು ಗಾಜನೂರಿನಿಂದ ವೀರಪ್ಪನ್ ಹೊತ್ತೊಯ್ದಾಗ ನಾನು ಐದನೇ ಕ್ಲಾಸು. 108 ದಿನ ಮನೆಯಲ್ಲಿ ರೇಡಿಯೊ ಆರಿಸಿದ್ದೇ ಇಲ್ಲ. ವಾರ್ತೆಯಲ್ಲಿ ದಿನವೂ ‘ಟಾಡಾ ಕೈದಿಗಳ ಬಿಡುಗಡೆ’ ಎಂಬ ಮಾತು. ಟಾಡಾ ಅನ್ನುವುದು ಕಾಡಿನೊಳಗಿನ ಯಾವುದೋ ಊರು ಅಂದುಕೊಂಡಿದ್ದೆ. ಆ ಕೈದಿಗಳಲ್ಲಿ ನಮ್ಮ ತಾಲ್ಲೂಕಿನ ಕಾಡಂಚಿನ ಹಳ್ಳಿಗಳವರೂ ಇದ್ದಾರೆ ಎಂದು ಅಪ್ಪ ಹೇಳಿದ್ದು ನೆನಪಿದೆ. ಸರ್ಕಾರ ಅವರ ಮೇಲಿನ ಟಾಡಾ ಆರೋಪ ಹಿಂಪಡೆಯಲು ಹೊರಟಾಗ, ವೀರಪ್ಪನ್‌ನಿಂದ ಹತನಾಗಿದ್ದ ಸಬ್‌ ಇನ್‌ಸ್ಪೆಕ್ಟರ್ ಒಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಆ ವರ್ಷದ ನವೆಂಬರ್‌ನಲ್ಲಿ ಕೋರ್ಟ್ ಅದಕ್ಕೆ ತಡೆ ಹಾಕಿತು. ಮಗನನ್ನು ಕಳೆದುಕೊಂಡ ಆ ತಂದೆಯ ಹಟವನ್ನು ನಾನು ತಪ್ಪು ಎನ್ನಲಾರೆ. ಆದರೆ ಮರುವರ್ಷ ಆದದ್ದೇನು? ಮೈಸೂರಿನ ವಿಶೇಷ ಟಾಡಾ ನ್ಯಾಯಾಲಯ 100ಕ್ಕೂ ಹೆಚ್ಚು ಮಂದಿಯನ್ನು ಖುಲಾಸೆ ಮಾಡಿತು, ಹದಿನಾಲ್ಕು ಮಂದಿಗೆ ಶಿಕ್ಷೆಯಾಯಿತು. ಬಿಡುಗಡೆಯಾದವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಏಳೆಂಟು ವರ್ಷ ಜೈಲಿನಲ್ಲಿ ಕಳೆದಿದ್ದರು. ದೇಶದ ಲೆಕ್ಕವೂ ಹೀಗೆಯೇ. ಹತ್ತು ವರ್ಷಗಳಲ್ಲಿ ಟಾಡಾ ಅಡಿ 70,000ಕ್ಕೂ ಹೆಚ್ಚು ಬಂಧನ. ಶಿಕ್ಷೆಯಾದದ್ದು ನೂರಕ್ಕೆ ಒಬ್ಬರ ಆಸುಪಾಸು.

ಟಾಡಾದ ಆ ತಪ್ಪೊಪ್ಪಿಗೆ ಸೆಕ್ಷನ್ ಸಂವಿಧಾನಬದ್ಧವೇ ಎಂಬ ಪ್ರಶ್ನೆ 1994ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಸರಿ ಎಂದರು, ಇಬ್ಬರು ಕೂಡದು ಎಂದರು. ಆ ಒಂದು ಮತದ ಅಂತರದ ಮೇಲೆಯೇ ಮಕೋಕಾ ನಿಂತಿದೆ. ಮಕೋಕಾವನ್ನು ನೋಡಿಕೊಂಡು ಬರೆದ ನಮ್ಮ ಕರ್ನಾಟಕದ ಕೋಕಾ ಕೂಡ ಅದರ ಮೇಲೆಯೇ ನಿಂತಿದೆ. ಗೌರಿ ಲಂಕೇಶ್ ಹತ್ಯೆಯ ವಿಚಾರಣೆ ನಡೆಯುತ್ತಿರುವುದು ಇದೇ ಕೋಕಾ ಅಡಿಯಲ್ಲಿ. ಹಾಗಾಗಿ ಇದು ಮರಾಠಿ ಮಂದಿಯ ತಲೆನೋವು ಎಂದು ಬೆಂಗಳೂರಿನಲ್ಲಿ ಕೂತು ಹೇಳುವಂತಿಲ್ಲ.

ಮತ್ತೆ ಹೈಕೋರ್ಟ್ ತೀರ್ಪಿಗೆ ಬರುತ್ತೇನೆ. ಬೇರೆ ಬೇರೆ ಅಧಿಕಾರಿಗಳು ಬೇರೆ ಬೇರೆ ಹೊತ್ತಿನಲ್ಲಿ ಬರೆದುಕೊಂಡರೆನ್ನಲಾದ ತಪ್ಪೊಪ್ಪಿಗೆಗಳಲ್ಲಿ ಪ್ರಶ್ನೆಗಳೂ ಕೆಲವು ಭಾಗಗಳೂ ಒಂದೇ ಥರ ಇರುವುದನ್ನು ಪೀಠ ಗುರುತಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಾಪಿ-ಪೇಸ್ಟ್. ಚಿತ್ರಹಿಂಸೆಯ ದೂರಿಗೆ ಆಸ್ಪತ್ರೆಯ ದಾಖಲೆಗಳ ಆಸರೆ ಇತ್ತು. ಆರೋಪಿಗಳನ್ನು ಚರ್ಚ್‌ಗೇಟ್‌ಗೆ ಬಿಟ್ಟೆವೆಂದ ಟ್ಯಾಕ್ಸಿ ಚಾಲಕರು ಬಾಯಿಬಿಟ್ಟದ್ದು ನೂರಕ್ಕೂ ಹೆಚ್ಚು ದಿನಗಳ ಮೇಲೆ. ದಿನಕ್ಕೆ ಹತ್ತಾರು ಜನರನ್ನು ಕೂರಿಸಿಕೊಳ್ಳುವ ಟ್ಯಾಕ್ಸಿಯವರಿಗೆ ಮೂರು ತಿಂಗಳ ಹಿಂದಿನ ಮುಖ ಹೇಗೆ ನೆನಪಿರುತ್ತದೆ? ಗುರುತು ಪರೇಡ್ ನಡೆಸಿದವರಿಗೆ ಅದನ್ನು ನಡೆಸುವ ಅಧಿಕಾರವೇ ಇರಲಿಲ್ಲ. ವಶಪಡಿಸಿಕೊಂಡ ವಸ್ತುಗಳನ್ನು ಸರಿಯಾಗಿ ಸೀಲ್ ಮಾಡಿರಲಿಲ್ಲ. ಎಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು, ಸಿಡಿದ ಬಾಂಬ್ ಯಾವ ಬಗೆಯದು ಎಂಬುದನ್ನೇ ಪ್ರಾಸಿಕ್ಯೂಷನ್ ಸಾಬೀತು ಮಾಡಲಿಲ್ಲ ಎಂಬ ಅಂಶ. ಆರೋಪಿಗಳ ಮೊಬೈಲ್ ಕರೆ ದಾಖಲೆಗಳನ್ನೂ ಅದು ಕೋರ್ಟಿನ ಮುಂದಿಡಲಿಲ್ಲ. ಸರ್ವರ್ ಲಾಗ್ ನೋಡದೆ ಯಾವ ದೋಷವನ್ನೂ ಒಪ್ಪದ ಕಸುಬಿನವನು ನಾನು. ಕರೆ ದಾಖಲೆ ಅಂದರೆ ಅಪರಾಧ ತನಿಖೆಯ ಲಾಗ್ ಅಲ್ಲವೇ?

ನಮ್ಮ ಕೆಲಸದಲ್ಲಿ ಇಂಥದ್ದು ನಡೆಯುತ್ತದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡದಲ್ಲಿ ರಾತ್ರಿ ಪೇಮೆಂಟ್ ವ್ಯವಸ್ಥೆ ಬಿದ್ದುಹೋಯಿತು. ಬೆಳಿಗ್ಗೆಯೊಳಗೆ ಮೂಲ ಕಾರಣ ಬೇಕು ಎಂದು ಮೇಲಿನವರ ಒತ್ತಡ. ಯಾರೋ ಒಂದು ಕಾರಣ ಬರೆದರು, ಹೊಸದಾಗಿ ಸೇರಿದ್ದ ಹುಡುಗನ ಹೆಸರೂ ಅದರಲ್ಲಿ ಸೇರಿಕೊಂಡಿತು, ಟಿಕೆಟ್ ಕ್ಲೋಸ್ ಆಯಿತು. ಎಲ್ಲರಿಗೂ ಸಮಾಧಾನ. ನಾನೂ ಸುಮ್ಮನಿದ್ದೆ. ನಾಲ್ಕು ತಿಂಗಳ ಮೇಲೆ ಅದೇ ವ್ಯವಸ್ಥೆ ಅದೇ ರೀತಿ ಬಿತ್ತು. ಅಷ್ಟರಲ್ಲಿ ಹಳೆಯ ಲಾಗ್‌ಗಳು ಅಳಿಸಿಹೋಗಿದ್ದವು, ಹುಡುಗ ಕೆಲಸ ಬಿಟ್ಟಿದ್ದ. ಹೈಕೋರ್ಟ್ ಕೂಡ ತೀರ್ಪಿನ ಆರಂಭದಲ್ಲೇ ಹೆಚ್ಚುಕಡಿಮೆ ಇದನ್ನೇ ಹೇಳಿದೆ: ಪ್ರಕರಣ ಬಗೆಹರಿದಂತೆ ತೋರಿಸುವುದು ಜನರಿಗೆ ಸುಳ್ಳು ಭರವಸೆ ಕೊಟ್ಟಂತೆ, ನಿಜವಾದ ಅಪಾಯ ಹೊರಗೇ ಉಳಿದಿರುತ್ತದೆ.

ವಿಶೇಷ ಕಾಯ್ದೆಯಿಂದ ತನಿಖೆ ಬೇಗ ಮುಗಿಯುತ್ತದೆ ಎಂಬ ನಂಬಿಕೆಯೂ ಇಲ್ಲಿ ಉಳಿಯಲಿಲ್ಲ. ಮಕೋಕಾದಲ್ಲಿರುವ ‘ಬಂಡಾಯಕ್ಕೆ ಕುಮ್ಮಕ್ಕು’ ಎಂಬ ಮಾತನ್ನು ರಾಜ್ಯದ ಕಾಯ್ದೆಯೊಳಗೆ ಸೇರಿಸಬಹುದೇ ಎಂಬ ಪ್ರಶ್ನೆಯಿಂದಾಗಿ 2008ರ ಫೆಬ್ರುವರಿಯಿಂದ 2010ರ ಏಪ್ರಿಲ್‌ವರೆಗೆ ವಿಚಾರಣೆಯೇ ನಿಂತಿತ್ತು. ಸಾಮಾನ್ಯ ಕಾನೂನಿನಲ್ಲಿ ಹೋಗಿದ್ದರೆ ಆ ಎರಡು ವರ್ಷ ಉಳಿಯುತ್ತಿತ್ತು.

ಇದಕ್ಕೆ ಎದುರಾಗಿ ಇದೇ ಊರಿನ 26/11 ಪ್ರಕರಣವನ್ನು ಇಟ್ಟು ನೋಡಿ. 166 ಜನ ಸತ್ತರು. ಅದಕ್ಕೆ ಯುಎಪಿಎ ಇತ್ತು, ಆದರೆ ಮಕೋಕಾ ಇರಲಿಲ್ಲ. ಯುಎಪಿಎಯಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯುವುದಿಲ್ಲ. ಹಾಗಾಗಿ ಪೊಲೀಸರು ಕಷ್ಟಪಟ್ಟರು. ಸಿಎಸ್‌ಟಿಯ ಸಿಸಿಟಿವಿ, ಪತ್ರಿಕಾ ಛಾಯಾಗ್ರಾಹಕ ತೆಗೆದ ಫೋಟೊ, ಪ್ರತ್ಯಕ್ಷದರ್ಶಿಗಳು, ಡಿಎನ್‌ಎ, ಹಡಗಿನಲ್ಲಿ ಸಿಕ್ಕ ಉಪಕರಣಗಳು. ಕಸಬ್‌ನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಬರೆದುಕೊಂಡರು. ಕೃತ್ಯದಿಂದ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪಿಗೆ ನಾಲ್ಕು ವರ್ಷವೂ ಹಿಡಿಯಲಿಲ್ಲ. ಅದೇ ಪ್ರಕರಣದಲ್ಲಿ ನಕ್ಷೆ ಬರೆದುಕೊಟ್ಟರೆಂದು ಹಿಡಿದ ಇಬ್ಬರು ಭಾರತೀಯರು ಖುಲಾಸೆಯಾದರು. ಸತ್ತ ಉಗ್ರನ ಜೇಬಿನಲ್ಲಿ ಸಿಕ್ಕಿತೆನ್ನಲಾದ ನಕ್ಷೆಗೆ ರಕ್ತದ ಕಲೆಯೇ ಇಲ್ಲವಲ್ಲ ಎಂದು ನ್ಯಾಯಾಧೀಶರು ಕೇಳಿದ್ದರು. ಇಡೀ ದೇಶ ಕೋಪದಿಂದ ಕುದಿಯುತ್ತಿದ್ದಾಗ ಒಂದು ಚೂರು ಕಾಗದದ ಬಗ್ಗೆ ಹೀಗೆ ಕೇಳಬಲ್ಲ ಕೋರ್ಟ್ ಆಗ ನಮ್ಮಲ್ಲಿತ್ತು, ಆ ಕಾರಣಕ್ಕೇ ಕಸಬ್‌ಗೆ ಆದ ಶಿಕ್ಷೆಯ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ರೈಲು ಸ್ಫೋಟದ ತೀರ್ಪು ಬಂದ ದಿನ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅರ್ಧ ಜನ ಕೋರ್ಟನ್ನು ಬೈದರು. ಹತ್ತು ದಿನ ಕಳೆಯಿತು. ಜುಲೈ 31ರಂದು ಇದೇ ಮುಂಬೈಯ ವಿಶೇಷ ಎನ್‌ಐಎ ನ್ಯಾಯಾಲಯ 2008ರ ಮಾಲೆಗಾಂವ್ ಸ್ಫೋಟದ ಏಳೂ ಆರೋಪಿಗಳನ್ನು ಬಿಡುಗಡೆ ಮಾಡಿತು. ಗುಂಪಿನಲ್ಲಿ ಪಾತ್ರಗಳು ಅದಲುಬದಲು. ಮೊನ್ನೆ ಬೈದವರು ಸಿಹಿ ಹಂಚಿದರು, ಮೊನ್ನೆ ಸಮಾಧಾನಪಟ್ಟವರು ಬೈದರು. ಆ ಸ್ಫೋಟದಲ್ಲಿ ಸತ್ತ ಆರು ಜನರ ನೆನಪು ಯಾರಿಗೂ ಆಗಲಿಲ್ಲ. ಅಲ್ಲಿಯೂ ಮೊದಲು ಮಕೋಕಾ ಹಚ್ಚಿ, ಆಮೇಲೆ ಎನ್‌ಐಎ ಅದನ್ನು ಬಿಟ್ಟು, ಅದರಡಿ ಬರೆದುಕೊಂಡ ಒಪ್ಪಿಗೆಗಳೆಲ್ಲ ನೀರಿನಲ್ಲಿ ಹೋಮವಾದವು. ಮೂವತ್ತಕ್ಕೂ ಹೆಚ್ಚು ಸಾಕ್ಷಿಗಳು ತಿರುಗಿಬಿದ್ದರು. ಇನ್ನೂ ಹಿಂದಕ್ಕೆ ಹೋದರೆ, 2006ರ ಸೆಪ್ಟೆಂಬರ್‌ನಲ್ಲಿ ಮಾಲೆಗಾಂವ್‌ನಲ್ಲೇ ಆದ ಮೊದಲ ಸ್ಫೋಟಕ್ಕೆ ಎಟಿಎಸ್ ಇದೇ ಕಾಯ್ದೆಯಡಿ ಒಂಬತ್ತು ಮುಸ್ಲಿಮರನ್ನು ಹಿಡಿದು ತಪ್ಪೊಪ್ಪಿಗೆ ಪಡೆದಿತ್ತು. ಆಮೇಲೆ ಎನ್‌ಐಎ ಬೇರೆಯೇ ಜನರನ್ನು ಆರೋಪಿಗಳೆಂದಿತು, ಮೊದಲಿನವರನ್ನು 2016ರಲ್ಲಿ ಕೋರ್ಟ್ ಕೈಬಿಟ್ಟಿತು. ಮಾಡದ ಕೃತ್ಯವನ್ನು ಅಷ್ಟು ಜನ ‘ಒಪ್ಪಿಕೊಂಡದ್ದು’ ಹೇಗೆ? ಆರೋಪಿಯ ಹೆಸರು ಯಾವ ಧರ್ಮದ್ದು ಎಂದು ನೋಡಿ ಈ ಪ್ರಶ್ನೆ ಕೇಳುವುದೋ ಬಿಡುವುದೋ ಎಂದು ತೀರ್ಮಾನಿಸಿದರೆ ನಾವು ಎಂದೂ ಇದರಿಂದ ಹೊರಬರುವುದಿಲ್ಲ.

ಯುರೋಪು ಈ ಹಳ್ಳಕ್ಕೆ ನಮಗಿಂತ ಮೊದಲೇ ಬಿದ್ದು ಎದ್ದಿದೆ. 1974ರ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಪಬ್‌ಗಳಲ್ಲಿ ಐರಿಷ್ ಉಗ್ರರ ಬಾಂಬ್‌ಗೆ 21 ಜನ ಸತ್ತಾಗ ಬ್ರಿಟನ್ ಸಂಸತ್ತು ಎಂಟು ದಿನದೊಳಗೆ ಭಯೋತ್ಪಾದನಾ ತಡೆ ಕಾಯ್ದೆ ಮಾಡಿತು. ಆರೋಪ ಹೊರಿಸದೆ ಏಳು ದಿನ ಠಾಣೆಯಲ್ಲಿಡಲು ಅವಕಾಶ. ಗಿಲ್ಡ್‌ಫರ್ಡ್ ಎಂಬ ಊರಿನ ಪಬ್ ಸ್ಫೋಟಕ್ಕೆ ಹಿಡಿದ ನಾಲ್ವರು ಆ ಕಾಯ್ದೆಗೆ ಸಿಕ್ಕ ಮೊದಲಿಗರಲ್ಲಿ ಸೇರಿದವರು. ಠಾಣೆಯಲ್ಲಿ ಕೊಟ್ಟ ತಪ್ಪೊಪ್ಪಿಗೆಯ ಮೇಲೆ ಅವರಿಗೆ ಜೀವಾವಧಿ ಆಯಿತು. ಕೆಲವು ವರ್ಷಗಳಲ್ಲಿ ಬೇರೆ ಉಗ್ರರು ಸಿಕ್ಕಿಬಿದ್ದು, ಅದು ನಮ್ಮ ಕೆಲಸ, ಒಳಗಿರುವವರು ನಿರಪರಾಧಿಗಳು ಎಂದರೂ ಕೋರ್ಟ್ ಕೇಳಲಿಲ್ಲ. ನಾಲ್ವರು ಹೊರಬಂದದ್ದು 1989ರಲ್ಲಿ. ಬರ್ಮಿಂಗ್‌ಹ್ಯಾಮ್‌ನ ಆರು ಮಂದಿ ಹೊರಬಂದದ್ದು 1991ರ ಮಾರ್ಚ್ 14ರಂದು.

ನಮಗೂ ಅವರಿಗೂ ಇರುವ ವ್ಯತ್ಯಾಸ ಆಮೇಲಿನದು. ಆ ಆರು ಮಂದಿ ಹೊರಬಂದ ದಿನವೇ ಬ್ರಿಟನ್ ಸರ್ಕಾರ ಅಪರಾಧ ನ್ಯಾಯ ವ್ಯವಸ್ಥೆಯನ್ನು ಪರಿಶೀಲಿಸಲು ರಾಯಲ್ ಕಮಿಷನ್ ಘೋಷಿಸಿತು. ಅದರ ಫಲವಾಗಿ, ತಪ್ಪು ಶಿಕ್ಷೆಗಳನ್ನು ಮತ್ತೆ ತೆಗೆದು ನೋಡುವ ಸ್ವತಂತ್ರ ಆಯೋಗ 1997ರಿಂದ ಕೆಲಸ ಮಾಡುತ್ತಿದೆ. ಠಾಣೆಯ ವಿಚಾರಣೆಗೆ ಟೇಪ್ ರೆಕಾರ್ಡರ್ ಅದಕ್ಕೂ ಮೊದಲೇ ಬಂದಿತ್ತು. ಭಯೋತ್ಪಾದನಾ ಶಂಕಿತರನ್ನು ಆರೋಪ ಹೊರಿಸದೆ ಇಡುವ ಮಿತಿ ಅಲ್ಲಿ 28 ದಿನಕ್ಕೆ ಏರಿ, 2011ರಲ್ಲಿ 14ಕ್ಕೆ ಇಳಿದಿದೆ.

ನಮ್ಮಲ್ಲಿ? ತೀರ್ಪು ಬಂದ ಮೂರನೇ ದಿನ, ಜುಲೈ 24ರಂದು, ಮಹಾರಾಷ್ಟ್ರ ಸರ್ಕಾರದ ಮನವಿಯ ಮೇಲೆ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಬಿಡುಗಡೆಯಾದವರು ಮತ್ತೆ ಜೈಲಿಗೆ ಹೋಗಬೇಕಿಲ್ಲ, ಆದರೆ ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸುವಂತಿಲ್ಲ. ಅವರನ್ನು ಒಳಗೆ ಹಾಕಿ ಎಂದು ಸರ್ಕಾರ ಕೇಳಲೂ ಇಲ್ಲ. ಉಳಿದ ಮಕೋಕಾ ಪ್ರಕರಣಗಳಿಗೆ ಪೆಟ್ಟು ಬೀಳುತ್ತದೆ ಎಂಬುದೇ ಅದರ ಆತಂಕ. ಮೇಲ್ಮನವಿಯ ವಿಚಾರಣೆ ಇನ್ನೂ ಆಗಬೇಕು, ಅಲ್ಲಿ ತೀರ್ಪು ಬದಲಾಗಲೂಬಹುದು. ಆದರೆ ಕಿತ್ತುಬಂದ ಸೆಕ್ಷನ್ ಅನ್ನು ರಿಪೇರಿ ಮಾಡುವ ಮಾತು ಎಲ್ಲೂ ಕೇಳಲಿಲ್ಲ. ತಪ್ಪಾಗಿ ಸಿಕ್ಕಿಸಲ್ಪಟ್ಟವರಿಗೆ ಪರಿಹಾರ ಕೊಡುವ ಕಾನೂನು ಬೇಕು ಎಂದು ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲೇ ಹೇಳಿತ್ತು. ಅದು ವರದಿಯಾಗಿಯೇ ಉಳಿದಿದೆ. ವೀರಪ್ಪನ್ ಕಾರ್ಯಾಚರಣೆಯಲ್ಲಿ ನೊಂದ 89 ಮಂದಿಗೆ ಮಾನವ ಹಕ್ಕು ಆಯೋಗ 2007ರಲ್ಲಿ 2.80 ಕೋಟಿ ರೂಪಾಯಿ ಕೊಡಿಸಿತಲ್ಲ, ಅಂಥದ್ದು ನಮ್ಮಲ್ಲಿ ಅಪರೂಪಕ್ಕೆ ಆಗುವ ಕೆಲಸ.

ವಿಶೇಷ ಎಂದು ಬಂದದ್ದು ನಿಧಾನಕ್ಕೆ ಸಾಮಾನ್ಯವಾಗಿಬಿಡುವುದು ಇನ್ನೊಂದು ಚಿಂತೆ. ಫ್ರಾನ್ಸ್ 2015ರ ಪ್ಯಾರಿಸ್ ದಾಳಿಯ ನಂತರ ತುರ್ತುಸ್ಥಿತಿ ಹೇರಿ, ಎರಡು ವರ್ಷದ ಮೇಲೆ ಅದನ್ನು ತೆಗೆಯುವಾಗ ಅದರ ಹಲವು ಅಧಿಕಾರಗಳನ್ನು ಮಾಮೂಲಿ ಕಾನೂನಿಗೆ ಸೇರಿಸಿಕೊಂಡಿತು. ನಾವು 2024ರ ಜುಲೈ 1ರಿಂದ ಜಾರಿಗೆ ತಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಭಯೋತ್ಪಾದನೆಗೂ ಸಂಘಟಿತ ಅಪರಾಧಕ್ಕೂ ಸೆಕ್ಷನ್‌ಗಳಿವೆ. ಮೊದಲು ವಿಶೇಷ ಕಾಯ್ದೆಯಲ್ಲಿದ್ದ ವ್ಯಾಖ್ಯೆಗಳು ಈಗ ಮಾಮೂಲಿ ದಂಡ ಸಂಹಿತೆಯೊಳಗೇ ಬಂದಿವೆ. ಇದು ಸಾಲದೆಂಬಂತೆ ಹೈಕೋರ್ಟ್ ತೀರ್ಪಿಗೆ ಹನ್ನೊಂದು ದಿನ ಮೊದಲು ಮಹಾರಾಷ್ಟ್ರ ವಿಧಾನಸಭೆ ವಿಶೇಷ ಜನ ಸುರಕ್ಷಾ ಮಸೂದೆ ಅಂಗೀಕರಿಸಿತು.

ಜಾಮೀನಿನ ಕಥೆ ಹೇಳಹೊರಟರೆ ಇನ್ನೊಂದು ಅಂಕಣ ಬೇಕು. ಎಂಜಿನಿಯರ್ ಆಗಿ ನನ್ನನ್ನು ಕಾಡುವ ಒಂದೇ ಸಂಗತಿ ಹೇಳುತ್ತೇನೆ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಮುಖ್ಯ ಸಾಕ್ಷ್ಯವೆಂದರೆ ಲ್ಯಾಪ್‌ಟಾಪ್‌ನ ಫೈಲುಗಳು. ಅವನ್ನು ದೂರದಿಂದ ಮಾಲ್‌ವೇರ್ ಮೂಲಕ ಇಡಲಾಗಿತ್ತು ಎಂದು ಆರೋಪಿಗಳ ಪರ ಪರೀಕ್ಷೆ ಮಾಡಿದ ಅಮೆರಿಕದ ಸಂಸ್ಥೆ 2021ರಲ್ಲಿ ಹೇಳಿತು, ಎನ್‌ಐಎ ಒಪ್ಪಲಿಲ್ಲ. ಯಾರು ಸರಿ ಎಂದು ತಜ್ಞರನ್ನು ಕಟಕಟೆಗೆ ಕರೆದು ಕೇಳಿದರೆ ಗೊತ್ತಾಗುವ ವಿಷಯ. ಆದರೆ ಯುಎಪಿಎಯಲ್ಲಿ ಜಾಮೀನು ಕೇಳುವಾಗ ಪೊಲೀಸರ ಸಾಕ್ಷ್ಯವನ್ನು ಇದ್ದಂತೆಯೇ ನಂಬಬೇಕು ಎಂದು 2019ರ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತದೆ; ಅದನ್ನು ಪರೀಕ್ಷೆಗೊಡ್ಡುವ ವಿಚಾರಣೆ ಶುರುವೇ ಆಗುವುದಿಲ್ಲ. ಆ ಲ್ಯಾಪ್‌ಟಾಪಿನ ಒಡೆಯನಿಗೆ 2025ರ ಜನವರಿಯಲ್ಲಿ ಜಾಮೀನು ಸಿಕ್ಕಿತು. ಆರು ವರ್ಷ ಮೀರಿ ಒಳಗಿದ್ದಾರೆ, ಆರೋಪ ನಿಗದಿಯೂ ಆಗಿಲ್ಲ ಎಂಬ ಕಾರಣಕ್ಕೆ. ಆದರೆ ಆ ಫೈಲು ಅಸಲಿಯೋ ನಕಲಿಯೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಇದೇ ಪ್ರಕರಣದ 84ರ ಮುದುಕ, ಪಾರ್ಕಿನ್ಸನ್ ಇದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ, ನೀರು ಕುಡಿಯಲು ಸ್ಟ್ರಾ ಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈಯಲ್ಲಿ ವಿಚಾರಣಾಧೀನ ಕೈದಿಯಾಗಿಯೇ ಮುಂಬೈಯಲ್ಲಿ ತೀರಿಕೊಂಡರು.

ಕಳೆದ ಭಾನುವಾರ ಕೆಳಗಿನ ಮನೆಗೆ ಹೋಗಿ ಇದನ್ನೆಲ್ಲ ಹಿರಿಯರಿಗೆ ಹೇಳಿದೆ, ಅವರ ಎಡಗಿವಿಯ ಕಡೆ ಕೂತು. ತಪ್ಪೊಪ್ಪಿಗೆ, ಸೆಕ್ಷನ್ 18, ಕಸಬ್, ಬರ್ಮಿಂಗ್‌ಹ್ಯಾಮ್. ಸಮಾಧಾನದಿಂದ ಕೇಳಿದರು. ಆಗ ಆಸ್ಪತ್ರೆಯ ಮಂಚದ ಬಳಿ ಪೊಲೀಸರು ಬಂದು ಹೇಳಿಕೆ ಬರೆದುಕೊಂಡು ಹೋದರಂತೆ. ‘ದಾದರಿನಲ್ಲಿ ಯಾರು ಹತ್ತಿದ್ರು, ಯಾರ ಕೈಯಲ್ಲಿ ಬ್ಯಾಗ್ ಇತ್ತು, ಎಲ್ಲಾ ಕೇಳಿದ್ರು. ನೆನಪಿದ್ದದ್ದು ಹೇಳಿದೆ. ಮತ್ತೆ ಯಾರೂ ಬರ್ಲಿಲ್ಲ. ಕೋರ್ಟಿಗೂ ಕರೀಲಿಲ್ಲ’ ಎಂದರು.

ಅಷ್ಟರಲ್ಲಿ ಅವರ ಮನೆಯವರು ನೀರುದೋಸೆ ತಂದಿಟ್ಟರು. ತಿನ್ನುತ್ತಾ ಅವರು ಮತ್ತೆ ಕೇಳಿದರು: ‘ಹತ್ತೊಂಬತ್ತು ವರ್ಷ ಆಯ್ತಲ್ಲ ಮಾರಾಯ್ರೆ, ಈಗ ಹುಡುಕ್ಲಿಕ್ಕೆ ಯಾರಾದ್ರೂ ಶುರು ಮಾಡಿದ್ದಾರಾ?’

ಇಲ್ಲ ಎಂದೆ.